ಕಡ್ಡಿ ಬಿಗಿದರೆ ಕಡಲು

ಪುಣೆಯ ಚಾಂದಣಿ ಚೌಕದಲ್ಲಿ ಭಾನುವಾರ ಬೆಳಗಿನ ಐದಕ್ಕೆ ನಿಂತರೆ ಮೊದಲು ಕಾಣುವುದು ಸೈಕಲ್ಲಲ್ಲ, ಸೈಕಲ್ ಹೊತ್ತ ಕಾರು. ಡಿಕ್ಕಿಗೆ ಎರಡು ಕಟ್ಟಿ, ನೆತ್ತಿಯ ಮೇಲೊಂದು ಏರಿಸಿಕೊಂಡು ಒಂದರ ಹಿಂದೊಂದು ಊರಾಚೆಗೆ ಬರುತ್ತವೆ. ರಸ್ತೆ ಸ್ವಲ್ಪ ಉಸಿರಾಡುವ ಜಾಗ ಸಿಕ್ಕಿತೆಂದರೆ ಕಾರು ನಿಲ್ಲಿಸಿ, ಸೈಕಲ್ ಇಳಿಸಿ, ಹೆಲ್ಮೆಟ್ ಬಿಗಿದು ಹೊರಡುತ್ತಾರೆ. ಒಂದು ಕಾಲಕ್ಕೆ ಸೈಕಲ್ಲುಗಳ ಊರೆಂದೇ ಹೆಸರಾಗಿದ್ದ ಪುಣೆಯಲ್ಲಿ ಈಗ ಸೈಕಲ್ ತುಳಿಯಬೇಕಾದರೆ ಮೊದಲು ಅದನ್ನು ಕಾರಿಗೆ ಹತ್ತಿಸಬೇಕು.

ನಾನು ಹೋಗಿದ್ದು ಅಣ್ಣನ ಮಗನ ಜೊತೆ. ಧಾರವಾಡದ ಹುಡುಗ, ಹಿಂಜವಾಡಿಯಲ್ಲಿ ಸಾಫ್ಟ್‌ವೇರ್ ಕೆಲಸ. ಅವನ ಹತ್ತಿರ ಎರಡು ಸೈಕಲ್. ಹೊಸದು ಅವನಿಗೆ, ಹಳೆಯದು ಚಿಕ್ಕಪ್ಪನಿಗೆ. ಪುಣೆಯವರಿಗೆ ದಾರಿಗೇನೂ ಬರವಿಲ್ಲ. ತಿಂಡಿಯ ಹೊತ್ತಿಗೆ ಮನೆ ಸೇರಬೇಕೆನ್ನುವವರಿಗೆ ಸಿಂಹಗಡ, ದಿವೆ ಘಾಟ್, ಬೋಪದೇವ ಘಾಟ್, ಹಳೆಯ ಕಾತ್ರಜ ಘಾಟ್ ಇವೆ. ಹುಚ್ಚು ಇನ್ನೂ ಜಾಸ್ತಿಯಾದವರಿಗೆ 200ರಿಂದ 600 ಕಿ.ಮೀ.ವರೆಗಿನ ಬ್ರೆವೆ ಸವಾರಿಗಳಿವೆ, 600 ಕಿ.ಮೀ. ಮುಗಿಸಲು 40 ಗಂಟೆ ಗಡುವು. ನಮ್ಮದು ಅಂಥ ಶೂರತನವಲ್ಲ. ಪಿರಂಗುಟ, ಪೌಡ ದಾಟಿ ಮುಳಶಿ ಜಲಾಶಯದ ದಂಡೆ ಹಿಡಿಯುವುದು, ತಾಮ್ಹಿಣಿ ಘಾಟ್ ಇಳಿದು ಮಾಣಗಾಂವದಲ್ಲಿ ರಾತ್ರಿ ಕಳೆಯುವುದು, ಮರುದಿನ ಮ್ಹಸಳಾ ಮೇಲೆ ದಿವೇಆಗರ ಮುಟ್ಟಿ ಕಡಲಂಚಿನಲ್ಲೇ ಶ್ರೀವರ್ಧನ. ಎಲ್ಲ ಸೇರಿ 180 ಕಿ.ಮೀ. ಆಸುಪಾಸು.

ಭೂಗಾಂವ ತಲುಪುವಷ್ಟರಲ್ಲೇ ನನ್ನ ಮುಂದಿನ ಗಾಲಿ ಬ್ರೇಕಿಗೆ ತಾಗಿ ಚರ್ ಚರ್ ಎನ್ನತೊಡಗಿತು. ರಸ್ತೆ ಪಕ್ಕದ ತಗಡಿನ ಅಂಗಡಿಯೊಂದು ಆ ಹೊತ್ತಿಗೇ ತೆರೆದಿತ್ತು. ನಾವಿಬ್ಬರು ಮಾತಾಡಿಕೊಳ್ಳುತ್ತಿದ್ದುದು ಕಿವಿಗೆ ಬಿದ್ದದ್ದೇ ಒಳಗಿದ್ದ ಮುದುಕ ಮುಖ ಎತ್ತಿದ. “ಕನ್ನಡದವ್ರೇನ್ರಿ? ನಮ್ದು ಜತ್ತ ರೀ.” ಸಾಂಗ್ಲಿ ಜಿಲ್ಲೆಯ ಜತ್ತ ತಾಲ್ಲೂಕು; ಮಹಾರಾಷ್ಟ್ರದಲ್ಲಿದ್ದರೂ ಮನೆಮಾತು ಕನ್ನಡವಾಗಿರುವ ಹಳ್ಳಿಗಳ ಸೀಮೆ. ಪುಣೆಗೆ ಬಂದು ನಲವತ್ತು ವರ್ಷವಾಯಿತಂತೆ. ಆಮೇಲೆ ಆತ ಬಾಯಿಗೂ ಕೈಗೂ ಬಿಡುವು ಕೊಡಲಿಲ್ಲ.

ಗಾಲಿಯ ಔಟ್ ತೆಗೆಯುವುದನ್ನು ಅಷ್ಟು ಹತ್ತಿರದಿಂದ ನಾನು ನೋಡಿದ್ದು ಹುಡುಗನಾಗಿದ್ದಾಗ. ಸೈಕಲ್ಲನ್ನು ಅಂಗಾತ ಮಲಗಿಸಿ, ಗಾಲಿ ತಿರುಗಿಸಿ, ಫೋರ್ಕಿಗೆ ಬೆರಳೂರಿ ಬಳಪದ ಚೂರೊಂದನ್ನು ರಿಮ್ಮಿನ ಪಕ್ಕಕ್ಕೆ ಕೂದಲೆಳೆಯಷ್ಟು ದೂರ ಹಿಡಿದ. ಗಾಲಿ ಎಲ್ಲಿ ಈ ಕಡೆಗೆ ವಾಲಿದೆಯೋ ಅಲ್ಲಿ ಮಾತ್ರ ಬಿಳಿ ಗೀರು ಬಿತ್ತು. ಆ ಗೀರಿನ ಜಾಗದಲ್ಲಿ ಈ ಬದಿಯ ಕಡ್ಡಿಯ ನಿಪ್ಪಲ್ ಕಾಲು ಸುತ್ತು ಸಡಿಲ, ಆ ಬದಿಯದು ಕಾಲು ಸುತ್ತು ಬಿಗಿ. ಮತ್ತೆ ತಿರುಗಿಸಿ, ಮತ್ತೆ ಬಳಪ. ಗೀರು ಗೇಣುದ್ದದಿಂದ ಬೆರಳುದ್ದಕ್ಕಿಳಿಯಿತು, ಕೊನೆಗೆ ಕಾಣೆಯಾಯಿತು. ಆಮೇಲೆ ಒಂದೊಂದೇ ಕಡ್ಡಿಯನ್ನು ಉಗುರಿನಿಂದ ಮೀಟಿ ಕಿವಿಗೊಟ್ಟು ಕೇಳಿದ. ಒಂದು ಮಂಕಾಗಿ ‘ಟಪ್’ ಅಂದಿತು. “ಇದು ಸೋಂಬೇರಿ. ಉಳಿದವು ಇದರ ಭಾರಾನೂ ಹೊರತಾವ. ಮೊದಲ ಮುರ್ಯೂದು ಸೋಂಬೇರಿ ಅಲ್ರಿ, ಬಾಜೂಕಿಂದು.”

ಹಳೆಯ ಕರಿ ಸೈಕಲ್ಲಿನ ಮುಂದಿನ ಗಾಲಿಗೆ 32, ಹಿಂದಿನದಕ್ಕೆ 40 ಕಡ್ಡಿ. ಕಾರ್ಖಾನೆಯ ಪಾಳಿ ಬಿಡುವ ಹೊತ್ತಿಗೆ ಅಂಥವು ನೂರಾರು ಬರುತ್ತಿದ್ದವಂತೆ. ಈಗ ಬರುವವಕ್ಕೆ ಕಡ್ಡಿ ಕಡಿಮೆ, ಬೆಲೆ ಲಕ್ಷ, ಮಾಲೀಕರಿಗೆ ಭಯ ಜಾಸ್ತಿ. ಕಾರ್ಬನ್ ರಿಮ್ಮನ್ನು ಮುಟ್ಟಲು ಇವನಿಗೆ ಕೊಡುವುದೇ ಇಲ್ಲ, ಷೋರೂಮಿಗೆ ಒಯ್ಯುತ್ತಾರೆ. ಕೆಲಸ ಕಲಿಯಲು ಬಂದ ಹುಡುಗರು ಆರು ತಿಂಗಳಿಗೆ ಮೋಟಾರ್‌ಬೈಕ್ ಗ್ಯಾರೇಜಿಗೆ ಹಾರಿದ್ದಾರೆ. “ಕಿವಿ ಬೇಕ್ರಿ ಈ ಕೆಲಸಕ್ಕ. ಈಗಿನ ಹುಡುಗೂರ ಕಿವಿಯಾಗ ವಾಯರ್ ಇರತಾವ,” ಎಂದ. ಅಣ್ಣನ ಮಗ ಮೆಲ್ಲಗೆ ಇಯರ್‌ಫೋನ್ ಕಿತ್ತು ಜೇಬಿಗಿಳಿಸಿದ.

ಪುಣೆಯ ಸೈಕಲ್ ಕತೆ ಹೇಳುವ ಕಾಗದಪತ್ರಗಳಿಗೆ ಕೊರತೆಯಿಲ್ಲ, ಚುಟುಕಾಗಿ ಹೇಳಿಬಿಡುತ್ತೇನೆ. 1972ರಲ್ಲಿ ಇದೇ ಊರಿನ ಆಕುರ್ಡಿಯಿಂದ ಚೇತಕ್ ಸ್ಕೂಟರ್ ಹೊರಬಂತು. ಮಧ್ಯಮ ವರ್ಗ ಪೆಡಲ್ ಬಿಟ್ಟು ಕಿಕ್ ಹೊಡೆಯಲು ಕಲಿಯಿತು. ಕರ್ವೆ ನಗರದಲ್ಲಿ ವಿಕ್ರಮ ಪೆಂಡ್ಸೆ ಸೈಕಲ್ಸ್ ಹೆಸರಿನ ಸಂಗ್ರಹಾಲಯವಿದೆ, ಎರಡನೇ ಮಹಾಯುದ್ಧದ ಪ್ಯಾರಾಟ್ರೂಪರ್‌ಗಳ ಮಡಚುವ ಸೈಕಲ್ ಕೂಡ ಅಲ್ಲಿದೆ. ಮಹಾನಗರದಲ್ಲಿ ಸೈಕಲ್ ಪಥಗಳೂ ಇವೆ, ಅವುಗಳ ಮೇಲೆ ಬೈಕುಗಳು ನಿಂತಿರುತ್ತವೆ. 2026ರ ಜನವರಿಯಲ್ಲಿ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟದ 2.2 ದರ್ಜೆಯ ‘ಪುಣೆ ಗ್ರ್ಯಾಂಡ್ ಟೂರ್’ ಜಿಲ್ಲೆಯ ಘಾಟುಗಳಲ್ಲಿ 437 ಕಿ.ಮೀ. ಓಡಿತು. ಸಂಗ್ರಹಾಲಯ ಇದೆ, ಪಂದ್ಯವೂ ಇದೆ. ಹಾಲು ತರಲು ಸೈಕಲ್ ತೆಗೆಯುವವರು ಮಾತ್ರ ಕಾಣಲಿಲ್ಲ.

ಪೌಡ ದಾಟಿದ ಮೇಲೆ ಡಂಪರುಗಳ ಕಾಟ ಕಡಿಮೆಯಾಗಿ ಎಡಬಲಕ್ಕೆ ಗುಡ್ಡ ಏಳುತ್ತದೆ. ನಮ್ಮ ಮಲೆನಾಡಿನಂತೆ ದುಂಡಗಿನ ಹಸಿರು ಗುಡ್ಡಗಳಲ್ಲ ಇವು. ಲಾವಾ ಪದರ ಪದರವಾಗಿ ಹೆಪ್ಪುಗಟ್ಟಿದ ಕರಿಕಲ್ಲು, ನೆತ್ತಿಯನ್ನು ಮಟಗೋಲಿಟ್ಟು ಕೊರೆದ ಹಾಗೆ ಚಪ್ಪಟೆ. ಫೆಬ್ರುವರಿಯ ಹುಲ್ಲು ಒಣಗಿ ಸಿಂಹದ ಮೈಬಣ್ಣಕ್ಕೆ ತಿರುಗಿತ್ತು, ಅಲ್ಲಲ್ಲಿ ಮುತ್ತುಗ ಕೆಂಡ ಕಾರಿತ್ತು. ಮುಳಶಿಯ ನೀರು ಮೊದಲು ಕಂಡದ್ದು ಒಂದು ರೆಸಾರ್ಟಿನ ಬೇಲಿಯ ಸಂದಿಯಿಂದ. ಎರಡನೆಯ ಸಲ ಇನ್ನೊಂದು ಬಂಗಲೆಯ ಗೇಟಿನ ಕಂಬಿಗಳ ನಡುವೆ. ದಂಡೆಯ ದಾರಿ ಎಂದು ನಂಬಿ ಬಂದವನಿಗೆ ದಂಡೆಗಿಂತ ಕಾಂಪೌಂಡೇ ಹೆಚ್ಚು ಕಂಡಿತು.

ಆ ನೀರಿನ ಕತೆ ಕನ್ನಡದ ಓದುಗರಿಗೂ ಸೇರಿದ್ದು. ಇದು ಮುಳಾ ನದಿಯ ನೀರು. ಸುಮ್ಮನೆ ಬಿಟ್ಟಿದ್ದರೆ ಪೂರ್ವಕ್ಕೆ ಹರಿದು, ಪುಣೆಯಲ್ಲಿ ಮುಠಾ ಸೇರಿ, ಭೀಮೆಯಾಗಿ ಕಲಬುರಗಿ, ಯಾದಗಿರಿ ನೋಡಿಕೊಂಡು ಕೃಷ್ಣೆಗೆ ಸೇರುತ್ತಿತ್ತು. ಟಾಟಾ ಕಂಪನಿ ಇಲ್ಲಿ ಅಣೆ ಕಟ್ಟಿ ನೀರನ್ನು ಪಶ್ಚಿಮಕ್ಕೆ ತಿರುಗಿಸಿತು. ಘಟ್ಟದ ಕೆಳಗಿನ ಭಿರಾದಲ್ಲಿ ಧುಮುಕಿಸಿ ಮುಂಬಯಿಗೆ ವಿದ್ಯುತ್ ತೆಗೆಯುತ್ತಾರೆ. ಕೆಲಸ ಮುಗಿದ ನೀರು ಕುಂಡಲಿಕಾ ನದಿಗೆ ಬಿದ್ದು, ಕೊಲಾಡದಲ್ಲಿ ಪ್ರವಾಸಿಗರ ರಾಫ್ಟು ತೇಲಿಸಿ ಅರಬ್ಬಿ ಸಮುದ್ರ ಸೇರುತ್ತದೆ. ಮುಳುಗಲಿದ್ದ ಹಳ್ಳಿಗಳ ರೈತರು 1921ರಿಂದ 1924ರವರೆಗೆ ಸತ್ಯಾಗ್ರಹ ಹೂಡಿದರು. ಪಾಂಡುರಂಗ ಮಹಾದೇವ ಬಾಪಟರು ‘ಸೇನಾಪತಿ’ ಬಾಪಟರಾದದ್ದು ಈ ಹೋರಾಟದಲ್ಲೇ. ಅಣೆಕಟ್ಟು ನಿಂತಿತು, ಹಳ್ಳಿಗಳು ಮುಳುಗಿದವು. ಭೂಗಾಂವದ ಮುದುಕನಿಗೆ ಈ ಲೆಕ್ಕವೆಲ್ಲ ಬಾಯಿಪಾಠ. ಅವನ ಜತ್ತ ಬರದ ತಾಲ್ಲೂಕು; ನೀರು ಕೊಡದಿದ್ದರೆ ಕರ್ನಾಟಕಕ್ಕೆ ಸೇರುತ್ತೇವೆಂದು ಅಲ್ಲಿನ ಗಡಿ ಹಳ್ಳಿಗಳು 2022ರಲ್ಲಿ ಸುದ್ದಿಯಾಗಿದ್ದವು. “ನಮ್ಮೂರಿಗೆ ಟ್ಯಾಂಕರಿನಾಗ ನೀರು. ಇಲ್ಲಿ ನೋಡಿದ್ರ ನೀರಿಗೆ ಇಳಿಜಾರದ ಮೋಜು,” ಎಂದು ಪಾನಾ ಒರೆಸಿದ್ದ.

ತಾಮ್ಹಿಣಿಯಲ್ಲಿ ನೀರಿನ ಜೊತೆ ನಾವೂ ಇಳಿದೆವು. ಮಳೆಗಾಲದಲ್ಲಿ ಇಲ್ಲಿ ಜಲಪಾತಕ್ಕಿಂತ ಕಾರುಗಳ ಸಾಲು ಉದ್ದ ಎನ್ನುತ್ತಾರೆ. ಚಳಿ ಮುಗಿಯುವ ಹೊತ್ತಿಗೆ ಕಾಡು ಮತ್ತು ನಮ್ಮ ಬ್ರೇಕಿನ ಸದ್ದು ಮಾತ್ರ. ತಿರುವುಗಳಲ್ಲಿ ಬ್ರೇಕ್ ಹಿಡಿದೇ ಇಳಿದರೆ ರಿಮ್ಮು ಕಾದು ಟ್ಯೂಬಿಗೆ ಕುತ್ತು. ಹಿಡಿದು ಬಿಟ್ಟು, ಹಿಡಿದು ಬಿಟ್ಟು ಇಳಿಯಬೇಕು. ಅರ್ಧ ದಾರಿಯಲ್ಲಿ ನಿಂತು ರಿಮ್ಮಿಗೆ ಬೆರಳಿಟ್ಟೆ, ದೋಸೆ ಕಾವಲಿಯ ಬಿಸಿ. ಮೇಲೆ ಸ್ವೆಟರ್ ಹಾಕಿಕೊಂಡಿದ್ದವರು ಘಟ್ಟದ ಬುಡದ ವಿಳೆ ಮುಟ್ಟುವಾಗ ಬೆವರಿನಲ್ಲಿ ತೊಯ್ದಿದ್ದೆವು. ಗಾಳಿ ದಪ್ಪ, ಮಾತಿನ ಮರಾಠಿಗೂ ಕೊಂಕಣದ ಎಳೆತ. ಮಾಣಗಾಂವದ ಹತ್ತಿರ ಮುಂಬಯಿ–ಗೋವಾ ಹೆದ್ದಾರಿಯ ಕಾಮಗಾರಿ ವರ್ಷಗಳಿಂದ ನಡೆದೇ ಇದೆ. ಅದನ್ನು ದಾಟುವ ಐದು ನಿಮಿಷಕ್ಕೆ ಘಟ್ಟದ ಸುಖವೆಲ್ಲ ಖರ್ಚಾಯಿತು.

ಮರುದಿನ ದಿವೇಆಗರಕ್ಕೆ ಇಳಿದಾಗ ನಾನು ಹೊನ್ನಾವರಕ್ಕೆ ಬಂದೆನೇ ಅನ್ನಿಸಿತು. ಓಣಿಯ ಎರಡೂ ಬದಿ ಅಡಿಕೆ ತೋಟ, ನಡುವೆ ಹಂಚಿನ ಮನೆ, ಹಬೆಯಲ್ಲಿ ಬೆಂದ ಮೋದಕ. ನಮ್ಮ ಕಡುಬಿಗೇ ಜುಟ್ಟು ಕಟ್ಟಿದ ಹಾಗೆ. ಶ್ರೀವರ್ಧನದ ಅಡಿಕೆಗೆ ‘ರೋಠಾ’ ಎಂದು ಹೆಸರು. 2020ರ ಜೂನ್ 3ರಂದು ನಿಸರ್ಗ ಚಂಡಮಾರುತ ಈ ಕರಾವಳಿಗೆ ಅಪ್ಪಳಿಸಿ ತೋಟಗಳನ್ನು ಮಲಗಿಸಿತ್ತು. ಆಗ ನೆಟ್ಟ ಸಸಿಗಳು ಈಗಷ್ಟೇ ಹೊಂಬಾಳೆ ಒಡೆಯುತ್ತಿವೆ ಎಂದು ತೋಟದವನೊಬ್ಬ ತೋರಿಸಿದ. ಅವನಿಗೆ ಸಮುದ್ರ ನೋಡುವ ಆಸೆ ನಮ್ಮಷ್ಟಿರಲಿಲ್ಲ.

ಭರಡಖೋಲ, ಶೇಖಾಡಿಗಳ ಮೇಲೆ ಶ್ರೀವರ್ಧನಕ್ಕೆ ಹೋಗುವ ರಸ್ತೆ ಪುಣೆಯ ಸವಾರರು ಆಣೆ ಹಾಕಿ ಹೇಳುವ ರಸ್ತೆ. ಸುಳ್ಳಲ್ಲ. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಅಲೆಯ ಮೇಲೇ ಹಾಸಿದಂಥ ಡಾಂಬರು, ಮೂಗಿಗೆ ಒಣಮೀನು. 1993ರ ಮುಂಬಯಿ ಸ್ಫೋಟಗಳ ಸರಕು ಇಳಿದದ್ದು ಇದೇ ಶೇಖಾಡಿಯ ದಂಡೆಯಲ್ಲಿ ಎಂದರೆ ನಂಬುವುದು ಕಷ್ಟ. ಪುಣೆಯನ್ನು ಪುಣೆ ಮಾಡಿದ ಪೇಶ್ವೆಗಳ ಮೂಲವೂ ಇಲ್ಲೇ: 1713ರಲ್ಲಿ ಪೇಶ್ವೆಯಾದ ಬಾಳಾಜಿ ವಿಶ್ವನಾಥ ಶ್ರೀವರ್ಧನದ ಭಟ್ ಮನೆತನದವನು. ಆ ಕುಟುಂಬ ಹತ್ತಿದ ಘಟ್ಟವನ್ನು ನಾವು ಇಳಿದು ಬಂದಿದ್ದೆವು, ಮತ್ತೆ ಹತ್ತುವ ಮೊಣಕಾಲು ನನಗಿರಲಿಲ್ಲ. ಸೈಕಲ್ಲುಗಳನ್ನು ಟೆಂಪೋದಲ್ಲಿ ಮಲಗಿಸಿ, ಪಕ್ಕದಲ್ಲಿ ನಾವೂ ಕೂತೆವು. ಭಾನುವಾರ ಬೆಳಗಿನ ಕಾರಿನವರನ್ನು ಆಡಿಕೊಂಡಿದ್ದು ನೆನಪಾಗಿ ಸುಮ್ಮನಾದೆ.

ಭೂಗಾಂವದಲ್ಲಿ ಕತ್ತಲಾಗಿತ್ತು. ಮುದುಕ ಅಂಗಡಿಯ ಫಳಿ ಏರಿಸುತ್ತಿದ್ದ. ಟೆಂಪೋ ನಿಲ್ಲಿಸಿ ಗಾಲಿ ತೋರಿಸಿದೆ. ತಿರುಗಿಸಿದ, ಬಳಪವಿಲ್ಲದೆಯೇ ಕಣ್ಣು ಕಿರಿದು ಮಾಡಿ ನೋಡಿದ. ಕಡಲು ಹೇಗಿತ್ತು, ಘಾಟ್ ಹೇಗಿತ್ತು ಎಂದೇನೂ ಕೇಳಲಿಲ್ಲ.

“ಮುಳಶ್ಯಾಗ ನೀರು ಎಷ್ಟೈತ್ರಿ?”

ಇನ್ನೂ ಸಾಕಷ್ಟಿದೆ ಎಂದೆ. ಹೂಂ ಅಂದು, ಒಂದು ಕಡ್ಡಿಯನ್ನು ಕಾಲು ಸುತ್ತು ಬಿಗಿದ.