ಯಾವ ಬೆಟ್ಟದ ಓಟ ಬಲು ಕಷ್ಟ?

ನಮ್ಮ ಮಗಳ ಸಂಸಾರ ಇಂಗ್ಲೆಂಡಿನ ಉತ್ತರ ಭಾಗದಲ್ಲಿದೆ. ಕೆಲವು ವರ್ಷಗಳ ಹಿಂದೆ ಅಲ್ಲಿನ ಬೇಸಿಗೆಯಲ್ಲಿ ನಾನೂ ನಮ್ಮ ಮನೆಯವರೂ ಎರಡು ತಿಂಗಳು ಇದ್ದು ಬಂದೆವು. ಒಂದು ದಿನ ಹನ್ನೊಂದು ವರ್ಷದ ಮೊಮ್ಮಗ ಬಂದು, "ತಾತ, ಶನಿವಾರ ಫೆಲ್ ರೇಸ್ ನೋಡೋಕೆ ಹೋಗೋಣ" ಎಂದ.

"ಫೆಲ್ ಅಂದ್ರೆ ಬಿದ್ದ ಅಂತ ಅಲ್ವೇನೋ? ಬೀಳೋ ಓಟಾನಾ?" ಎಂದೆ. ಅವನು ಬಿದ್ದು ಬಿದ್ದು ನಕ್ಕ. ನಾನು ಕಲಿತ ಇಂಗ್ಲಿಷಿನಲ್ಲಿ ಆ ಪದಕ್ಕೆ ಇನ್ನೊಂದು ಅರ್ಥವಿದೆ ಎಂದು ಎಪ್ಪತ್ತು ದಾಟಿದ ಮೇಲೆ ತಿಳಿಯಿತು.

ಉತ್ತರ ಇಂಗ್ಲೆಂಡಿನ ಜನ ತಮ್ಮ ಬೋಳು ಗುಡ್ಡಬೆಟ್ಟಗಳಿಗೆ 'ಫೆಲ್' ಎನ್ನುತ್ತಾರೆ. ಸಾವಿರ ವರ್ಷಗಳ ಹಿಂದೆ ಸಮುದ್ರ ದಾಟಿ ಬಂದು ಅಲ್ಲಿ ನೆಲೆಸಿದ ನಾರ್ಸ್ ಜನರ ಭಾಷೆಯಿಂದ ಉಳಿದುಕೊಂಡ ಪದ ಅದು. ಆ ಬೆಟ್ಟಗಳನ್ನು ಹತ್ತಿ ಇಳಿದು ಬರುವ ಸ್ಪರ್ಧೆಯೇ ಫೆಲ್ ರೇಸ್. ಬಹಳಷ್ಟು ಕಡೆ ದಾರಿಗೆ ಗುರುತೂ ಹಾಕಿರುವುದಿಲ್ಲ. ಇಂತಿಂಥ ಶಿಖರಗಳನ್ನು ಈ ಕ್ರಮದಲ್ಲಿ ಮುಟ್ಟಿ ಬನ್ನಿ ಎಂದಷ್ಟೇ ಹೇಳಿ ಕಳಿಸುತ್ತಾರೆ. ನಡುವಿನ ದಾರಿ ಹುಡುಕಿಕೊಳ್ಳುವುದು ಓಟಗಾರರ ಜವಾಬ್ದಾರಿ.

ಇಂಗ್ಲೆಂಡಿನ ಅತಿ ಎತ್ತರದ ಬೆಟ್ಟ ಸ್ಕಾಫೆಲ್ ಪೈಕ್. ಅದರ ಎತ್ತರ 978 ಮೀಟರ್. ನಮ್ಮ ಮುಳ್ಳಯ್ಯನಗಿರಿ 1,900 ಮೀಟರಿಗೂ ಹೆಚ್ಚು. "ಇಷ್ಟೇನಾ ನಿಮ್ಮ ಬೆಟ್ಟ?" ಎಂದು ಕೇಳಿದ್ದಕ್ಕೆ ಮೊಮ್ಮಗನಿಗೆ ಸಿಟ್ಟು ಬಂತು. "ಒಂದು ಹತ್ತಿ ಇಳಿದರೆ ಮುಗಿಯಲ್ಲ ತಾತ, ಒಂದಾದ ಮೇಲೆ ಒಂದು ಹತ್ತಬೇಕು" ಎಂದ.

ಅವನಿಗೂ ಅವನ ಗೆಳೆಯನಿಗೂ ಆಗಲೇ ಒಂದು ಜಗಳ ನಡೆದಿತ್ತು. ಯಾರ್ಕ್‌ಷೈರಿನ ತ್ರೀ ಪೀಕ್ಸ್ ಓಟವೇ ಎಲ್ಲಕ್ಕಿಂತ ಕಷ್ಟ ಎಂದು ಗೆಳೆಯನ ವಾದ. ಸರೋವರಗಳ ನಾಡಾದ ಲೇಕ್ ಡಿಸ್ಟ್ರಿಕ್ಟಿನ ವಾಸ್ಡೇಲ್ ಓಟವೇ ಕಷ್ಟ ಎಂದು ಇವನ ವಾದ. "ತಾತ, ನೀವು ಬ್ಯಾಂಕಲ್ಲಿ ಇದ್ರಲ್ಲ, ಲೆಕ್ಕ ಹಾಕಿ ಹೇಳಿ" ಎಂದು ಒಂದು ಹಳೆಯ ಲಕೋಟೆ ಮುಂದಿಟ್ಟ. ಬಿ.ಕಾಂ. ಓದಿ ಮೂವತ್ತಕ್ಕೂ ಹೆಚ್ಚು ವರ್ಷ ಲೆಡ್ಜರ್ ಬರೆದವನಿಗೆ ಬೇರೇನು ಬೇಕು? ಲಕೋಟೆಯ ಹಿಂಬದಿಗೆ ಗೆರೆ ಎಳೆದು ಕಲಂ ಹಾಕಿದೆ.

ಮೊದಲ ಕಲಂ: ದೂರ

ತ್ರೀ ಪೀಕ್ಸ್ ಓಟ 1954ರಲ್ಲಿ ಆರಂಭವಾಯಿತು. ಪೆನಿಗೆಂಟ್, ವರ್ನ್‌ಸೈಡ್, ಇಂಗಲ್‌ಬರೋ ಎಂಬ ಮೂರು ಬೆಟ್ಟ ಸುತ್ತಿ ಬರಲು 37.4 ಕಿ.ಮೀ. ಎನ್ನರ್‌ಡೇಲ್ ಕಣಿವೆಯ ಸುತ್ತಿನ ಓಟ ಸುಮಾರು 37 ಕಿ.ಮೀ. ವಾಸ್ಡೇಲ್ 34 ಕಿ.ಮೀ. ಬಾರೋಡೇಲ್ 27 ಕಿ.ಮೀ. ಈ ಕಲಮಿನಲ್ಲಿ ಗೆಳೆಯನೇ ಗೆದ್ದ. ಮೊಮ್ಮಗನ ಮುಖ ಸಣ್ಣದಾಯಿತು.

ಎರಡನೆಯ ಕಲಂ: ಏರು

ಬೆಟ್ಟದ ಓಟಕ್ಕೆ ದೂರದಷ್ಟೇ ಮುಖ್ಯವಾದದ್ದು ಒಟ್ಟು ಎಷ್ಟು ಹತ್ತಬೇಕು ಎಂಬುದು. ತ್ರೀ ಪೀಕ್ಸ್‌ನಲ್ಲಿ ಒಟ್ಟು ಏರು 1,608 ಮೀಟರ್. ಬಾರೋಡೇಲ್‌ನಲ್ಲಿ ಸುಮಾರು 2,000, ಎನ್ನರ್‌ಡೇಲ್‌ನಲ್ಲಿ ಸುಮಾರು 2,290, ವಾಸ್ಡೇಲ್‌ನಲ್ಲಿ ಸುಮಾರು 2,750 ಮೀಟರ್. ಅಂದರೆ ಸಮುದ್ರ ದಂಡೆಯಿಂದ ಮುಳ್ಳಯ್ಯನಗಿರಿಯ ತುದಿ ಮುಟ್ಟಿದರೂ ವಾಸ್ಡೇಲ್ ಓಟದ ಏರಿಗೆ ಇನ್ನೂ 800 ಮೀಟರಿನಷ್ಟು ಬಾಕಿ! ಬೆಟ್ಟ ಚಿಕ್ಕದೆಂದು ಹಗುರವಾಗಿ ಮಾತಾಡಿದ್ದಕ್ಕೆ ಮೊಮ್ಮಗನ ಕ್ಷಮೆ ಕೇಳಿದೆ.

ಅಲ್ಲಿನ ಫೆಲ್ ರನ್ನರ್ಸ್ ಅಸೋಸಿಯೇಷನ್ ಎಂಬ ಸಂಸ್ಥೆ 1970ರಲ್ಲಿ ಹುಟ್ಟಿತು. ಅವರು ಓಟಗಳನ್ನು ದರ್ಜೆಗಳಾಗಿ ವಿಂಗಡಿಸುತ್ತಾರೆ. ಒಂದು ಕಿ.ಮೀ.ಗೆ ಸರಾಸರಿ 50 ಮೀಟರ್ ಅಥವಾ ಹೆಚ್ಚು ಏರಿದ್ದರೆ 'ಎ' ದರ್ಜೆ, ಕನಿಷ್ಠ 25 ಮೀಟರ್ ಇದ್ದರೆ 'ಬಿ' ದರ್ಜೆ. 20 ಕಿ.ಮೀ. ದಾಟಿದರೆ ಅದು ದೀರ್ಘ ಓಟ. ಏರನ್ನು ದೂರದಿಂದ ಭಾಗಿಸಿದೆವು. ತ್ರೀ ಪೀಕ್ಸ್‌ಗೆ 43 ಬಂತು, ಎನ್ನರ್‌ಡೇಲ್‌ಗೆ 62, ಬಾರೋಡೇಲ್‌ಗೆ 74, ವಾಸ್ಡೇಲ್‌ಗೆ 81. ಗೆಳೆಯನ ಓಟ 'ಬಿ' ದರ್ಜೆಗೆ ಇಳಿಯಿತು, ಉಳಿದ ಮೂರೂ 'ಎ'.

ಹಾಗಾದರೆ ಈ ಭಾಗಾಕಾರವೇ ಸಾಕೇ? ಸಾಲದು. ಸ್ಕಾಟ್ಲೆಂಡಿನ ಬೆನ್ ನೆವಿಸ್ ಓಟಕ್ಕೆ ಕಿ.ಮೀ.ಗೆ ಸುಮಾರು 96 ಮೀಟರ್ ಬರುತ್ತದೆ. ಆದರೆ ಅದು 14 ಕಿ.ಮೀ.ಯಲ್ಲಿ ಮುಗಿಯುತ್ತದೆ. ಕಡಿದಾಗಿದೆ ನಿಜ, ದೀರ್ಘವಲ್ಲ. ಬಡ್ಡಿ ದರ ಒಂದನ್ನೇ ನೋಡಿ ಸಾಲ ಎಷ್ಟು ಭಾರ ಎಂದು ಹೇಳಲಾಗುವುದಿಲ್ಲ. ಅಸಲು ಎಷ್ಟು, ಅವಧಿ ಎಷ್ಟು ಎಂದೂ ನೋಡಬೇಕು. ಇದೂ ಹಾಗೆಯೇ.

ನೈಸ್ಮಿತ್ ಅವರ ಸೂತ್ರ

ದೂರ, ಏರು ಎರಡನ್ನೂ ಕೂಡಿಸುವ ಉಪಾಯ ಒಂದಿದೆ. ವಿಲಿಯಂ ನೈಸ್ಮಿತ್ ಎಂಬ ಸ್ಕಾಟ್ಲೆಂಡಿನ ಪರ್ವತಾರೋಹಿ 1892ರಲ್ಲಿ ಅದನ್ನು ಬರೆದಿಟ್ಟರು. ಈಗಿನ ಅಳತೆಯಲ್ಲಿ ಹೇಳುವುದಾದರೆ ನಡೆಯುವವರಿಗೆ ಪ್ರತಿ 5 ಕಿ.ಮೀ.ಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ನೀವೂ ಕಾಗದ ಪೆನ್ಸಿಲ್ ತೆಗೆದುಕೊಂಡು ಮಾಡಿ ನೋಡಿ. ಬಾರೋಡೇಲ್‌ಗೆ 8 ಗಂಟೆ 44 ನಿಮಿಷ. ತ್ರೀ ಪೀಕ್ಸ್‌ಗೆ 10 ಗಂಟೆ 10 ನಿಮಿಷ. ಎನ್ನರ್‌ಡೇಲ್‌ಗೆ 11 ಗಂಟೆ 13 ನಿಮಿಷ. ವಾಸ್ಡೇಲ್‌ಗೆ 11 ಗಂಟೆ 23 ನಿಮಿಷ.

ಮೊಮ್ಮಗ ಕುಣಿದಾಡಿದ. ಹತ್ತೇ ನಿಮಿಷದ ಅಂತರವಾದರೂ ಅವನ ವಾಸ್ಡೇಲ್ ಮುಂದೆ ಬಂದಿತ್ತು. ಸರಿಯಿದೆಯೇ ಎಂದು ತಾಳೆ ನೋಡಲು ಗೆದ್ದವರ ಸಮಯವನ್ನೂ ತೆಗೆದೆವು. ಆಂಡಿ ಪೀಸ್ 1996ರಲ್ಲಿ ತ್ರೀ ಪೀಕ್ಸ್ ಓಟವನ್ನು 2 ಗಂಟೆ 46 ನಿಮಿಷದಲ್ಲಿ ಮುಗಿಸಿದ್ದರು. ಕಿ.ಮೀ.ಗೆ ನಾಲ್ಕೂವರೆ ನಿಮಿಷಕ್ಕೂ ಕಡಿಮೆ. ಕಲ್ಲುಕುಟಿಗ ಬಿಲ್ಲಿ ಬ್ಲಾಂಡ್ 1982ರಲ್ಲಿ ವಾಸ್ಡೇಲ್ ಓಟವನ್ನು 3 ಗಂಟೆ 25 ನಿಮಿಷದಲ್ಲಿ ಮುಗಿಸಿದ್ದರು. ದಶಕಗಳ ಕಾಲ ಅಳಿಯದೆ ನಿಂತ ದಾಖಲೆ ಅದು. ಅಂಥವರಿಗೂ ಅಲ್ಲಿ ಕಿ.ಮೀ.ಗೆ ಆರು ನಿಮಿಷ ಹಿಡಿದಿದೆ. ಎರಡು ಲೆಕ್ಕವೂ ಒಂದೇ ಕಡೆ ಬೊಟ್ಟು ಮಾಡಿದವು.

ಇದಕ್ಕಿಂತ ದೊಡ್ಡದೂ ಒಂದಿದೆ. ಕೆಸಿಕ್ ಊರಿನಲ್ಲಿ ಅತಿಥಿಗೃಹ ನಡೆಸುತ್ತಿದ್ದ ಬಾಬ್ ಗ್ರಹಾಂ 1932ರಲ್ಲಿ 24 ಗಂಟೆಯೊಳಗೆ 42 ಶಿಖರ ಸುತ್ತಿ ಬಂದರು. ಸುಮಾರು 106 ಕಿ.ಮೀ. ದೂರ, 8,200 ಮೀಟರ್ ಏರು. ನೈಸ್ಮಿತ್ ಸೂತ್ರದಂತೆ ಇದಕ್ಕೆ 34 ಗಂಟೆಗೂ ಹೆಚ್ಚು ಬೇಕು. ಇದು ಸ್ಪರ್ಧೆಯಲ್ಲ, ತನಗೆ ತಾನೇ ಹಾಕಿಕೊಳ್ಳುವ ಪಂದ್ಯ. ಇಂದಿಗೂ ಜನ ಆ ಸುತ್ತು ಹಾಕುತ್ತಾರೆ. ವಾಸ್ಡೇಲ್ ಕಣಿವೆಯ ಕುರಿ ಸಾಕಣೆಗಾರ ಜಾಸ್ ನೇಯ್ಲರ್ ಅವರಂತೂ 2006ರಲ್ಲಿ, ತಮ್ಮ 70ನೆಯ ವಯಸ್ಸಿನಲ್ಲಿ, 24 ಗಂಟೆಯೊಳಗೆ 70 ಶಿಖರ ಮುಟ್ಟಿದರು. ಇದನ್ನು ಓದಿದ ದಿನ ನಾನು ಮಂಡಿಗೆ ಎಣ್ಣೆ ಹಚ್ಚುತ್ತಾ ಕುಳಿತಿದ್ದೆ!

ಕಲಮಿಗೆ ಸಿಗದ ಲೆಕ್ಕ

ಶನಿವಾರ ಬಂತು. ನಾವು ಹೋದದ್ದು ಈ ಹೆಸರಾಂತ ಓಟಗಳಿಗಲ್ಲ, ಒಂದು ಹಳ್ಳಿಯ ಸಣ್ಣ ಓಟಕ್ಕೆ. ಹೊರಡುವ ಮುನ್ನ ಓಟಗಾರರ ಸೊಂಟದ ಚೀಲ ಬಿಚ್ಚಿಸಿ ನೋಡುತ್ತಿದ್ದರು. ಮಳೆ ಅಂಗಿ, ಟೋಪಿ, ಕೈಗವಸು, ನಕ್ಷೆ, ದಿಕ್ಸೂಚಿ, ಸೀಟಿ, ಒಂದಿಷ್ಟು ತಿನಿಸು. ಬಿಸಿಲಿತ್ತು. ಇದೆಲ್ಲ ಯಾಕೆ ಎಂದುಕೊಂಡೆ. ಮುಕ್ಕಾಲು ಗಂಟೆಯಲ್ಲಿ ಬೆಟ್ಟದ ತಲೆಯೇ ಕಾಣದಂತೆ ಮಂಜು ಇಳಿಯಿತು. ಮಳೆ ಹಿಡಿಯಿತು. ಕೊಡೆಯಡಿ ನಿಂತ ನನಗೇ ಹಲ್ಲು ಕಟಕಟ ಎನ್ನುತ್ತಿತ್ತು.

ಬಾರೋಡೇಲ್ ಕಣಿವೆಯ ಸೀತ್‌ವೇಟ್ ಎಂಬಲ್ಲಿ ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ. ಆಗುಂಬೆಯ ಮಳೆ ಕಂಡವರಿಗೆ ಅದೇನೂ ದೊಡ್ಡದಲ್ಲ. ಆದರೆ ಅಲ್ಲಿನ ಮಳೆ ಮೈಯ ಬಿಸಿಯನ್ನೇ ಎಳೆದುಕೊಂಡುಬಿಡುತ್ತದೆ. ನಮ್ಮ ಲಕೋಟೆಯಲ್ಲಿ ಮಂಜಿಗೆ ಕಲಂ ಇರಲಿಲ್ಲ. ಕಾಲು ಹೂಳುವ ಜೌಗಿಗೆ, ಜಾರುವ ಸಡಿಲ ಕಲ್ಲಿಗೆ, ಮಂಡಿ ಕಳಚುವ ಇಳಿಜಾರಿಗೆ ಇರಲಿಲ್ಲ. ಬಿಸಿಲಿನ ದಿನದ ವಾಸ್ಡೇಲ್‌ಗಿಂತ ಮಂಜಿನ ದಿನದ ಸಣ್ಣ ಗುಡ್ಡವೇ ಕಷ್ಟವಾಗಬಹುದು.

ಗೆದ್ದವನು ಬಂದಾಗ ಚಪ್ಪಾಳೆ ಬಿತ್ತು. ಅವನ ಎರಡರಷ್ಟು ಹೊತ್ತು ಮಳೆಯಲ್ಲಿ ನೆನೆದು ಕೊನೆಯ ಹೆಂಗಸು ಬಂದಾಗ ಅದಕ್ಕಿಂತ ಜೋರಾಗಿ ಚಪ್ಪಾಳೆ ಬಿತ್ತು. "ಯಾರಿಗೆ ಜಾಸ್ತಿ ಕಷ್ಟ ಆಗಿರತ್ತೆ ತಾತ?" ಎಂದು ಮೊಮ್ಮಗ ಕೇಳಿದ. ನನ್ನ ಬಳಿ ಸೂತ್ರವಿರಲಿಲ್ಲ.

ಸಂಜೆಯ ತಾಳೆ

ಓಟ ಮುಗಿಯಿತು ಎಂದುಕೊಂಡೆ. ಮುಗಿದಿರಲಿಲ್ಲ. ಮೇಜಿನ ಬಳಿ ಇಬ್ಬರು ಪಟ್ಟಿ ಹಿಡಿದು ಎಣಿಸುತ್ತಿದ್ದರು. ಹೋದವರೆಷ್ಟು, ಬಂದವರೆಷ್ಟು? ಒಬ್ಬರು ಕಡಿಮೆ! ಮತ್ತೆ ಎಣಿಸಿದರು. ಮತ್ತೆ ಒಬ್ಬರು ಕಡಿಮೆ. ಅದುವರೆಗೆ ನಗುತ್ತಿದ್ದವರ ಮುಖ ಬಿಗಿದುಕೊಂಡಿತು. ಓಡಿ ದಣಿದಿದ್ದ ಏಳೆಂಟು ಮಂದಿ ಒಂದು ಮಾತೂ ಆಡದೆ ಒದ್ದೆ ಬೂಟನ್ನೇ ಮತ್ತೆ ಕಟ್ಟಿಕೊಂಡು ಬೆಟ್ಟದ ಕಡೆ ಹೊರಟು ನಿಂತರು. ಮೊಮ್ಮಗ ನನ್ನ ಕೈ ಹಿಡಿದುಕೊಂಡ.

ಅಷ್ಟರಲ್ಲಿ ಫೋನ್ ಬಂತು. ಆ ಹುಡುಗ ನಡುದಾರಿಯಲ್ಲಿ ಸುಸ್ತಾಗಿ ಪಕ್ಕದ ಕಣಿವೆಗೆ ಇಳಿದು, ಯಾರದೋ ಕಾರಿನಲ್ಲಿ ಮನೆಗೆ ಹೋಗಿ, ಬಿಸಿ ನೀರು ಸ್ನಾನ ಮಾಡುತ್ತಿದ್ದ! ಓಟ ಬಿಟ್ಟರೂ ಮುಕ್ತಾಯದ ಮೇಜಿಗೆ ಬಂದು ಹೇಳಲೇಬೇಕು ಎಂಬ ನಿಯಮ ಇರುವುದು ಇದಕ್ಕೇ.

2008ರ ಅಕ್ಟೋಬರಿನಲ್ಲಿ ಬಾರೋಡೇಲ್ ಸುತ್ತಮುತ್ತ ಎರಡು ದಿನಗಳ ಬೆಟ್ಟದ ಓಟವೊಂದು ಬಿರುಗಾಳಿ, ಪ್ರವಾಹಕ್ಕೆ ಸಿಕ್ಕಿ ಮೊದಲ ದಿನವೇ ನಿಂತಿತು. ನೂರಾರು ಜನರ ಸುಳಿವಿಲ್ಲ ಎಂದು ಸುದ್ದಿ ಹಬ್ಬಿತು. ಅವರಲ್ಲಿ ಅನೇಕರು ರೈತರ ಕೊಟ್ಟಿಗೆಗಳಲ್ಲಿ, ಸ್ಲೇಟ್ ಗಣಿಯ ಕಟ್ಟಡದಲ್ಲಿ ರಾತ್ರಿ ಕಳೆದಿದ್ದರು. ಕೊನೆಗೆ ಎಲ್ಲರ ಲೆಕ್ಕವೂ ಸಿಕ್ಕಿತು.

ನಾನು ಕ್ಯಾಷ್ ಕೌಂಟರಿನಲ್ಲಿದ್ದಾಗ ಒಂದು ಸಂಜೆ ಐದು ರೂಪಾಯಿ ವ್ಯತ್ಯಾಸ ಬಂದಿತ್ತು. ತಪ್ಪು ನನ್ನದೇ. ಜೇಬಿನಿಂದ ಹಾಕಿ ಎದ್ದುಬಿಡೋಣ ಎಂದುಕೊಂಡಿದ್ದೆ. ಜೊತೆಯವರು ಬಿಡಲಿಲ್ಲ. ಯಾರೂ ಮನೆಗೆ ಹೋಗದೆ ರಾತ್ರಿ ಒಂಬತ್ತರವರೆಗೆ ನನ್ನ ಜೊತೆ ಕೂತು ಎಣಿಸಿದರು. ಐದು ರೂಪಾಯಿಗೇ ಅಷ್ಟು ಕಾದವರನ್ನು ಕಂಡಿದ್ದ ನನಗೆ, ಒದ್ದೆ ಬೂಟು ಕಟ್ಟಿಕೊಂಡ ಆ ಜನ ಯಾಕೋ ಪರಿಚಿತರೆನಿಸಿದರು.

ವಾಪಸು ಬರುವಾಗ ಕಾರಿನಲ್ಲಿ ಮೊಮ್ಮಗ ಲಕೋಟೆ ತೆಗೆದು ಕೊನೆಯಲ್ಲಿ ಇನ್ನೊಂದು ಕಲಂ ಎಳೆದ. ಅದಕ್ಕೆ 'ಎಲ್ಲರೂ ಬಂದ್ರಾ?' ಎಂದು ಹೆಸರಿಟ್ಟ. ನಾನು ಪೆನ್ನು ಇಸಕೊಂಡು, ಆ ದಿನದ ಓಟದ ಎದುರಿಗೆ ನಮ್ಮ ಬ್ಯಾಂಕಿನ ರೂಢಿಯಂತೆ ಒಂದು ಟಿಕ್ ಹಾಕಿ ಸಹಿ ಮಾಡಿಕೊಟ್ಟೆ.