ಗೋಸುಂಬೆಯ ಸಾಕಣೆ

ಯೆಮೆನ್ ದೇಶದ, ತಲೆಯ ಮೇಲೆ ಎತ್ತರವಾದ ಶಿಖೆಯುಳ್ಳ ಗೋಸುಂಬೆಯನ್ನು ಪಾಶ್ಚಾತ್ಯರು ಮನೆಗಳಲ್ಲಿ ಸಾಕುವುದುಂಟು. ಬೋಗುಣಿಯ ತುಂಬ ನೀರಿದ್ದರೂ ಈ ಪ್ರಾಣಿಯು ಬಾಯಾರಿ ಸಾಯಬಹುದೆಂದರೆ ಶ್ರೋತೃಗಳಿಗೆ ಆಶ್ಚರ್ಯವಾದೀತು. ಕಾರಣವಿಷ್ಟೆ: ನಿಂತ ನೀರನ್ನು ಅದು ಸಾಮಾನ್ಯವಾಗಿ ಗುರುತಿಸದು, ಎಲೆಯ ಮೇಲಣ ಹನಿಗಳನ್ನು ನೆಕ್ಕಿ ಕುಡಿಯುವುದು ಅದರ ಸ್ವಭಾವ. ಆದುದರಿಂದ ಗೂಡಿನೊಳಗಣ ಗಿಡಕ್ಕೆ ದಿನವೂ ನೀರನ್ನು ಸಿಂಪಡಿಸಬೇಕು.

ಗೂಡು ಎತ್ತರವಾಗಿಯೂ ಗಾಳಿಯಾಡುವ ಜಾಲರಿಯುಳ್ಳದ್ದಾಗಿಯೂ ಇರಬೇಕು. ಹತ್ತಲು ಕೊಂಬೆಗಳೂ, ಮರೆಯಾಗಲು ಎಲೆಗಳೂ ಬೇಕು. ಒಂದು ಗೂಡಿಗೆ ಒಂದೇ ಗೋಸುಂಬೆ. ಮಿಡತೆ, ಜಿರಲೆ ಮೊದಲಾದ ಜೀವಂತ ಕೀಟಗಳೇ ಅದರ ಮುಖ್ಯ ಆಹಾರ. ಅವುಗಳಿಗೆ ಕ್ಯಾಲ್ಸಿಯಂ ಪುಡಿಯನ್ನು ಸವರಿ ಕೊಡದಿದ್ದರೆ, ಅತಿನೇರಳೆ ಕಿರಣವೂ ದೊರೆಯದಿದ್ದರೆ, ಎಲುಬುಗಳು ಮೆದುವಾಗಿ ಬಾಗುವುವು.

ನಮ್ಮ ನಾಡಿನ ಗೋಸುಂಬೆಗಾದರೋ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಿದೆ. ಅದನ್ನು ಹಿಡಿದು ಸಾಕುವಂತಿಲ್ಲ. ಅದು ಇರುವ ಗಿಡದಲ್ಲಿಯೇ ಅದನ್ನು ನೋಡಿ ಸಂತೋಷಪಡುವುದು ಉಚಿತ.