ಅಂಗಡಿ, ಕಚೇರಿಗಳ ಗಾಜು: ವಿಧ, ವಿನ್ಯಾಸ ಹಾಗೂ ವೆಚ್ಚದ ಲೆಕ್ಕ

ಅಂಗಡಿಯ ಮುಂಭಾಗ, ಕಚೇರಿಯ ಪಾರ್ಟಿಶನ್, ಮೆಟ್ಟಿಲಿನ ರೇಲಿಂಗ್, ಪ್ರದರ್ಶನ ಕಪಾಟು ಮುಂತಾದವುಗಳಿಗೆ ಗಾಜನ್ನು ಬಳಸುವುದು ಈಗ ದೊಡ್ಡ ನಗರಗಳಲ್ಲಷ್ಟೇ ಅಲ್ಲದೆ ತಾಲ್ಲೂಕು ಪಟ್ಟಣಗಳಲ್ಲಿಯೂ ರೂಢಿಯಾಗಿದೆ. ಕಟ್ಟಡದ ಅಲಂಕಾರಕ್ಕೆ ಗಾಜು ನಮ್ಮ ನಾಡಿಗೆ ಹೊಸದೇನಲ್ಲ. ಮೈಸೂರು ಅರಮನೆಯ ಕಲ್ಯಾಣ ಮಂಟಪದ ಬಣ್ಣದ ಗಾಜಿನ ಚಾವಣಿಯೇ ಇದಕ್ಕೆ ನಿದರ್ಶನ. ಆದರೆ ದೊಡ್ಡ ಅಳತೆಯ, ಎರಡೂ ಮುಖ ಸಮತಟ್ಟಾದ ಗಾಜು ಸಾಮಾನ್ಯ ವರ್ತಕನ ಕೈಗೆಟುಕುವಂತಾದದ್ದು ಫ್ಲೋಟ್ ವಿಧಾನದಿಂದ. ಕರಗಿದ ಗಾಜನ್ನು ಕರಗಿದ ತವರದ ಮೇಲೆ ತೇಲಿಸಿ ಹಾಳೆಯಾಗಿಸುವ ಈ ಕ್ರಮವನ್ನು ಬ್ರಿಟನ್ನಿನ ಪಿಲ್ಕಿಂಗ್ಟನ್ ಸಂಸ್ಥೆಯು 1959ರಲ್ಲಿ ಪ್ರಕಟಪಡಿಸಿತು. ಇಂದು ಮಾರುಕಟ್ಟೆಯಲ್ಲಿ ದೊರೆಯುವ ಬಹುಪಾಲು ಅಲಂಕಾರಿಕ ಗಾಜಿನ ಮೂಲವಸ್ತು ಈ ಫ್ಲೋಟ್ ಗಾಜೇ ಆಗಿದೆ.

ಗಾಜು ಕೊಳ್ಳುವವರು ಸಾಮಾನ್ಯವಾಗಿ ಬಣ್ಣ, ವಿನ್ಯಾಸಗಳನ್ನು ಮೊದಲು ಆರಿಸಿ, ಗಾಜು ಯಾವ ಜಾತಿಯದೆಂಬುದನ್ನು ಗುತ್ತಿಗೆದಾರರಿಗೆ ಬಿಟ್ಟುಬಿಡುತ್ತಾರೆ. ಕ್ರಮವು ಇದಕ್ಕೆ ತದ್ವಿರುದ್ಧವಾಗಿರಬೇಕು. ಗಾಜು ಎಲ್ಲಿ ನಿಲ್ಲುತ್ತದೆ, ಒಡೆದರೆ ಯಾರ ಮೇಲೆ ಬೀಳುತ್ತದೆ ಎಂಬುದನ್ನು ಮೊದಲು ನಿರ್ಧರಿಸಬೇಕು, ಅಂದಚೆಂದ ಅನಂತರದ್ದು.

ಒಡೆಯುವ ರೀತಿಯೇ ಮುಖ್ಯ

ಸಾಮಾನ್ಯ ಫ್ಲೋಟ್ ಗಾಜು ಒಡೆದರೆ ಕತ್ತಿಯಂತಹ ಉದ್ದನೆಯ ಚೂರುಗಳಾಗುತ್ತದೆ. ಚಿತ್ರದ ಚೌಕಟ್ಟಿಗೋ ಸಣ್ಣ ಕಪಾಟಿಗೋ ಇದು ಸಾಕು. ಗಿರಾಕಿಗಳು ಓಡಾಡುವ ಬಾಗಿಲಿಗೆ ಸಲ್ಲದು. ಇದೇ ಗಾಜನ್ನು 600 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಕಾಯಿಸಿ, ಕೂಡಲೇ ಗಾಳಿಯ ರಭಸದಿಂದ ತಣಿಸಿದರೆ ಅದು ಟಫನ್ಡ್ ಗಾಜು ಎನಿಸಿಕೊಳ್ಳುತ್ತದೆ. ಇದರ ಬಲ ಸಾಮಾನ್ಯ ಗಾಜಿಗಿಂತ ಸುಮಾರು ನಾಲ್ಕೈದು ಪಟ್ಟು ಹೆಚ್ಚು. ಒಡೆದರೆ ಮೊಂಡಾದ ಸಣ್ಣ ಹರಳುಗಳಾಗಿ ಉದುರುತ್ತದೆ. ಆದರೆ ಒಮ್ಮೆ ಟಫನ್ ಮಾಡಿದ ಗಾಜನ್ನು ಮತ್ತೆ ಕತ್ತರಿಸಲಾಗದು, ಅದಕ್ಕೆ ರಂಧ್ರ ಕೊರೆಯಲೂ ಆಗದು. ಅಳತೆ, ಬೀಗದ ಸ್ಥಾನ, ಹಿಡಿಕೆಯ ರಂಧ್ರ ಎಲ್ಲವೂ ಕುಲುಮೆಗೆ ಹೋಗುವ ಮೊದಲೇ ನಿಶ್ಚಿತವಾಗಿರಬೇಕು. ಗೋಡೆಗೆ ಗಾರೆ ಆಗುವ ಮುನ್ನವೇ ಅಳತೆ ಕೊಟ್ಟು, ಬಳಿಕ ಅರ್ಧ ಅಂಗುಲ ಹೆಚ್ಚಾಯಿತೆಂದು ಇಡೀ ಬಾಗಿಲನ್ನೇ ಮತ್ತೆ ಮಾಡಿಸಬೇಕಾದ ಪ್ರಸಂಗಗಳು ವಿರಳವೇನಲ್ಲ. ಅಳತೆ ತೆಗೆದವರು ಯಾರು, ತಪ್ಪಿದರೆ ನಷ್ಟ ಯಾರದು ಎಂಬುದನ್ನು ದರಪಟ್ಟಿಯಲ್ಲಿಯೇ ಬರೆಯಿಸಿಕೊಳ್ಳುವುದು ಒಳಿತು.

ಟಫನ್ಡ್ ಗಾಜಿನ ಇನ್ನೊಂದು ದೋಷವನ್ನು ಮಾರಾಟಗಾರರು ಸಾಮಾನ್ಯವಾಗಿ ಹೇಳುವುದಿಲ್ಲ. ಗಾಜಿನೊಳಗೆ ಸೇರಿಕೊಂಡ ನಿಕಲ್ ಸಲ್ಫೈಡಿನ ಸೂಕ್ಷ್ಮ ಕಣಗಳಿಂದಾಗಿ ಅದು ಯಾರೂ ಮುಟ್ಟದಿದ್ದರೂ, ತಿಂಗಳುಗಳು ಅಥವಾ ವರ್ಷಗಳ ನಂತರ, ತಾನಾಗಿಯೇ ಒಡೆಯಬಹುದು. ಇದು ಅಪರೂಪವಾದರೂ ಸುಳ್ಳಲ್ಲ. ಗಾಜನ್ನು ಮತ್ತೊಮ್ಮೆ ಕಾಯಿಸಿ ಪರೀಕ್ಷಿಸುವ ಹೀಟ್ ಸೋಕ್ ಪರೀಕ್ಷೆಯಲ್ಲಿ ಇಂತಹ ಗಾಜು ಕಾರ್ಖಾನೆಯಲ್ಲಿಯೇ ಬಹುಮಟ್ಟಿಗೆ ಒಡೆದು ಹೋಗುತ್ತದೆ. ಎತ್ತರದ ಮುಂಭಾಗಕ್ಕೆ ಟಫನ್ಡ್ ಗಾಜನ್ನು ಹಾಕಿಸುವವರು ಇದಕ್ಕೆ ತಗಲುವ ಹೆಚ್ಚುವರಿ ಹಣವನ್ನು ಉಳಿಸಲು ಹೋಗಬಾರದು.

ತಲೆಯ ಮೇಲಿನ ಚಾವಣಿ, ಎತ್ತರದ ರೇಲಿಂಗ್ ಮುಂತಾದೆಡೆ ಲ್ಯಾಮಿನೇಟೆಡ್ ಗಾಜೇ ಬೇಕು. ಎರಡು ಹಾಳೆಗಳ ನಡುವೆ ಪಿ.ವಿ.ಬಿ. ಎಂಬ ಪ್ಲಾಸ್ಟಿಕ್ ಪದರವನ್ನಿಟ್ಟು ಬೆಸೆದಿರುವುದರಿಂದ, ಒಡೆದರೂ ಚೂರುಗಳು ಆ ಪದರಕ್ಕೆ ಅಂಟಿಕೊಂಡೇ ಇರುತ್ತವೆ. ಪದರವು ಸಾಮಾನ್ಯವಾಗಿ 0.38, 0.76 ಅಥವಾ 1.52 ಮಿ.ಮೀ. ದಪ್ಪವಿರುತ್ತದೆ, ಬೆಲೆಯೂ ಅದಕ್ಕೆ ತಕ್ಕಂತೆ. ‘ಲ್ಯಾಮಿನೇಟೆಡ್’ ಎಂದಷ್ಟೇ ಬರೆದ ದರಪಟ್ಟಿಗಳನ್ನು ಪರಸ್ಪರ ಹೋಲಿಸುವುದರಲ್ಲಿ ಅರ್ಥವಿಲ್ಲ. ಟಫನ್ಡ್ ಹಾಗೂ ಲ್ಯಾಮಿನೇಟೆಡ್ ಗಾಜುಗಳೆರಡಕ್ಕೂ ಭಾರತೀಯ ಮಾನಕ 2553ರ ಮೊದಲನೆಯ ಭಾಗವು ಅನ್ವಯಿಸುತ್ತದೆ. ಸರಕು ಬಂದಾಗ ಪ್ರತಿ ಹಾಳೆಯ ಮೂಲೆಯಲ್ಲಿ ಅಳಿಸಲಾಗದಂತೆ ಮೂಡಿಸಿದ ಗುರುತನ್ನು ನೋಡಿಯೇ ಇಳಿಸಿಕೊಳ್ಳಬೇಕು.

ಮೆರುಗು ಹಾಗೂ ವಿನ್ಯಾಸ

ಮಬ್ಬು ಗಾಜನ್ನು ಮಾಡುವ ಬಗೆ ಹಲವು. ಮರಳನ್ನು ಗಾಳಿಯ ಒತ್ತಡದಿಂದ ಸಿಡಿಸಿ ಮಾಡಿದ್ದು ಸ್ಯಾಂಡ್‌ಬ್ಲಾಸ್ಟ್ ಗಾಜು. ಇದರ ಮೈ ಒರಟಾಗಿರುವುದರಿಂದ ಬೆರಳಿನ ಎಣ್ಣೆ, ಧೂಳು ಬೇಗ ಹಿಡಿದು ಕಲೆಯಾಗುತ್ತದೆ. ಆಮ್ಲದಿಂದ ಕೊರೆದ ಎಚ್ಚಿಂಗ್ ಗಾಜಿನ ಮೈ ನಯವಾಗಿದ್ದು ಒರೆಸಲು ಸುಲಭ, ಬೆಲೆ ಹೆಚ್ಚು. ಇವೆರಡೂ ಬೇಡವೆಂದು ಫ್ರಾಸ್ಟೆಡ್ ಫಿಲ್ಮ್ ಅಂಟಿಸುವುದು ಅಗ್ಗದ ಮಾರ್ಗ. ಬಾಡಿಗೆ ಕಟ್ಟಡದಲ್ಲಿ ಇದೇ ವಿವೇಕದ ಆಯ್ಕೆಯೂ ಆಗಬಹುದು. ಎಚ್ಚಿಂಗ್ ಗಾಜಿನ ಬೆಲೆ ತೆತ್ತು ಫಿಲ್ಮ್ ಅಂಟಿಸಿದ ಗಾಜನ್ನು ಪಡೆಯುವಂತಾಗಬಾರದು, ಅಷ್ಟೇ. ಅಂಚಿನಲ್ಲಿ ಉಗುರಿನಿಂದ ಮೀಟಿ ನೋಡಿದರೆ ಫಿಲ್ಮ್ ತಿಳಿದುಬರುತ್ತದೆ.

ಹಿಂಬದಿಗೆ ಬಣ್ಣ ಬಳಿದ ಲ್ಯಾಕರ್ಡ್ ಗಾಜು ಅಡುಗೆಮನೆ, ಸ್ವಾಗತ ಕಕ್ಷೆ, ಬಟ್ಟೆ ಅಂಗಡಿಗಳ ಗೋಡೆಗೆ ಜನಪ್ರಿಯವಾಗಿದೆ. ಸಾಮಾನ್ಯ ಗಾಜಿನಲ್ಲಿರುವ ಕಬ್ಬಿಣದ ಅಂಶದಿಂದ ತಿಳಿಹಸಿರು ಛಾಯೆ ಬರುವುದರಿಂದ ಬಿಳಿ ಬಣ್ಣವು ಹಸಿರು ಮಿಶ್ರಿತವಾಗಿ ಕಾಣುತ್ತದೆ. ಶುಭ್ರ ಬಿಳುಪು ಬೇಕಾದರೆ ಕಬ್ಬಿಣಾಂಶ ಕಡಿಮೆಯಿರುವ ಎಕ್ಸ್‌ಟ್ರಾ ಕ್ಲಿಯರ್ ಗಾಜನ್ನೇ ಕೇಳಬೇಕು. ಲ್ಯಾಕರ್ಡ್ ಗಾಜನ್ನಾಗಲಿ ಕನ್ನಡಿಯನ್ನಾಗಲಿ ವಿನೆಗರ್ ವಾಸನೆಯ ಸಾಮಾನ್ಯ ಸಿಲಿಕೋನ್‌ನಿಂದ ಅಂಟಿಸಿದರೆ ಹಿಂಬದಿಯ ಲೇಪ ಕೆಡುತ್ತದೆ. ನ್ಯೂಟ್ರಲ್ ಸಿಲಿಕೋನ್ ಬಳಸಬೇಕೆಂಬ ಒಂದು ಸಾಲು ಕರಾರಿನಲ್ಲಿದ್ದರೆ ಎಷ್ಟೋ ತಗಾದೆಗಳು ತಪ್ಪುತ್ತವೆ.

ಪಶ್ಚಿಮಕ್ಕೆ ಮುಖ ಮಾಡಿದ ಅಂಗಡಿಗಳು ಗಮನಿಸಬೇಕಾದ ಅಂಶವೊಂದಿದೆ. 6 ಮಿ.ಮೀ. ಸ್ಪಷ್ಟ ಗಾಜು ತನ್ನ ಮೇಲೆ ಬಿದ್ದ ಬಿಸಿಲಿನ ಶಾಖದಲ್ಲಿ ಸುಮಾರು ಐದರಲ್ಲಿ ನಾಲ್ಕು ಭಾಗವನ್ನು ಒಳಗೆ ಬಿಡುತ್ತದೆ. ಶಾಖವನ್ನು ತಡೆಯುವ ಲೇಪವುಳ್ಳ ಸೋಲಾರ್ ಕಂಟ್ರೋಲ್ ಗಾಜಿಗೆ ಕೊಡುವ ಹೆಚ್ಚಿನ ಬೆಲೆಯನ್ನು ಹವಾನಿಯಂತ್ರಣದ ವಿದ್ಯುತ್ ಬಿಲ್ಲಿನೊಡನೆ ತೂಗಿ ನೋಡಬೇಕು. ಉತ್ತರ ದಿಕ್ಕಿನ ಗೋಡೆಗೂ ಅದನ್ನೇ ಹಾಕಿಸುವುದು ಹಲವು ವೇಳೆ ದುಂದುವೆಚ್ಚ.

ಬಿಲ್ಲಿನ ಅಳತೆ

ಗಾಜಿನ ವ್ಯಾಪಾರದಲ್ಲಿ ನಿಜವಾದ ಅಳತೆ ಬೇರೆ, ಬಿಲ್ಲಿನ ಅಳತೆ ಬೇರೆ. ಕತ್ತರಿಸುವಾಗ ವ್ಯರ್ಥವಾಗುವ ಭಾಗಕ್ಕಾಗಿ ಉದ್ದಗಲಗಳನ್ನು ಮುಂದಿನ 3 ಅಥವಾ 6 ಅಂಗುಲಗಳ ಗುಣಕಕ್ಕೆ ಏರಿಸಿ ಲೆಕ್ಕ ಹಾಕುವವರಿದ್ದಾರೆ. 32 ಅಂಗುಲ ಅಗಲ, 79 ಅಂಗುಲ ಎತ್ತರದ ಹಾಳೆಯ ನಿಜವಾದ ವಿಸ್ತೀರ್ಣ 17.56 ಚದರ ಅಡಿ. 6 ಅಂಗುಲದ ಗುಣಕಕ್ಕೆ ಏರಿಸಿದರೆ ಅದು 36 ಮತ್ತು 84 ಅಂಗುಲವಾಗಿ 21 ಚದರ ಅಡಿ ಆಗುತ್ತದೆ. ಚದರ ಅಡಿಗೆ 200 ರೂ. ಎಂದು ಇಟ್ಟುಕೊಂಡರೆ ಒಂದು ಹಾಳೆಗೆ ಸುಮಾರು 690 ರೂ., ಇಪ್ಪತ್ತು ಹಾಳೆಗಳಿಗೆ ಸುಮಾರು 13,800 ರೂ. ಅಂತರ. ಇದು ಮೋಸವಲ್ಲ, ವ್ಯಾಪಾರದ ಪದ್ಧತಿ. ಆದರೆ ದರವನ್ನು ಮಾತ್ರ ನೋಡಿ, ಲೆಕ್ಕದ ಕ್ರಮವನ್ನು ಕೇಳದವರು ಕಡಿಮೆ ದರದವರಿಂದಲೇ ಹೆಚ್ಚಿನ ಬಿಲ್ಲನ್ನು ಪಡೆಯುತ್ತಾರೆ. ವಿನ್ಯಾಸ ಮಾಡುವಾಗಲೇ ಅಗಲವನ್ನು 30 ಅಂಗುಲಕ್ಕೆ ಇಳಿಸಲು ಸಾಧ್ಯವಿದ್ದರೆ ಉಳಿತಾಯ ತಾನಾಗಿಯೇ ಆಗುತ್ತದೆ.

ತೂಕದ ಲೆಕ್ಕವೂ ಸುಲಭ. ಒಂದು ಚದರ ಮೀಟರಿಗೆ, ಪ್ರತಿ ಮಿ.ಮೀ. ದಪ್ಪಕ್ಕೆ, ಎರಡೂವರೆ ಕಿಲೋಗ್ರಾಂ. 2.1 ಮೀಟರ್ ಎತ್ತರ, 0.9 ಮೀಟರ್ ಅಗಲದ 12 ಮಿ.ಮೀ. ಬಾಗಿಲು ಸುಮಾರು 57 ಕಿಲೋಗ್ರಾಂ ತೂಗುತ್ತದೆ. ಫ್ಲೋರ್ ಸ್ಪ್ರಿಂಗ್ ಈ ಭಾರಕ್ಕೆ ತಕ್ಕದ್ದಾಗಿರಬೇಕು.

ತೆರಿಗೆಯ ವಿಚಾರ

ಜಿ.ಎಸ್.ಟಿ. ಜಾರಿಗೆ ಬಂದಾಗ ಶೇ. 28ರಷ್ಟಿದ್ದ ಗಾಜಿನ ಮೇಲಿನ ತೆರಿಗೆಯನ್ನು 2017ರ ನವೆಂಬರ್ 15ರಿಂದ ಶೇ. 18ಕ್ಕೆ ಇಳಿಸಲಾಯಿತು. ಫ್ಲೋಟ್ ಗಾಜಿಗೆ 7005, ಟಫನ್ಡ್ ಹಾಗೂ ಲ್ಯಾಮಿನೇಟೆಡ್ ಗಾಜಿಗೆ 7007, ಕನ್ನಡಿಗೆ 7009 ಶೀರ್ಷಿಕೆಗಳು ಅನ್ವಯಿಸುತ್ತವೆ. ಟಫನ್ಡ್ ಗಾಜಿನ ಬಿಲ್ಲಿನಲ್ಲಿ 7005 ಎಂದು ನಮೂದಾಗಿದ್ದರೆ ಬಂದ ಸರಕು ಯಾವುದೆಂದು ಪರಿಶೀಲಿಸಲು ಅದೊಂದು ಸಕಾರಣ.

ಗಾಜನ್ನು ಮಾರುವ ಅಥವಾ ಸಂಸ್ಕರಿಸುವ ನೋಂದಾಯಿತ ವರ್ತಕರಿಗೆ ಹೂಡುವಳಿ ತೆರಿಗೆ ಜಮೆ ದೊರೆಯುತ್ತದೆ. ರಾಜಿ ಪದ್ಧತಿಯಲ್ಲಿರುವವರಿಗೆ ಇಲ್ಲ. ಸ್ವಂತ ಕಟ್ಟಡದ ನಿರ್ಮಾಣಕ್ಕೋ ನವೀಕರಣಕ್ಕೋ ಗಾಜು ಹಾಕಿಸಿ ಆ ವೆಚ್ಚವನ್ನು ಸ್ಥಿರಾಸ್ತಿಯ ಬಂಡವಾಳ ಖಾತೆಗೆ ಸೇರಿಸಿದವರಿಗೆ ಕಾಯಿದೆಯ 17(5)ನೇ ಪ್ರಕರಣವು ಈ ಜಮೆಯನ್ನು ನಿರಾಕರಿಸುತ್ತದೆ. ಒಡೆದ ಗಾಜನ್ನು ಬದಲಿಸಿ, ಅದನ್ನು ದುರಸ್ತಿ ವೆಚ್ಚವೆಂದು ಲಾಭ ನಷ್ಟದ ಖಾತೆಗೆ ಹಾಕಿದಾಗ ಈ ನಿರ್ಬಂಧ ಅನ್ವಯಿಸದು. ವ್ಯವಹಾರದ ಉದ್ದೇಶವೂ ಇತರ ಷರತ್ತುಗಳೂ ಪೂರೈಸಿರಬೇಕು. ಹಾಗೆಂದು ಹೊಸ ಮುಂಭಾಗವನ್ನೇ ದುರಸ್ತಿಯೆಂದು ಬರೆದರೆ ಲೆಕ್ಕ ಪರಿಶೋಧನೆಯಲ್ಲಿ ಅದು ನಿಲ್ಲುವುದಿಲ್ಲ. ನವೀಕರಣ ಹಾಗೂ ದುರಸ್ತಿ ಒಟ್ಟಿಗೆ ನಡೆಯುವಾಗ ಗುತ್ತಿಗೆದಾರರಿಂದ ಎರಡು ಪ್ರತ್ಯೇಕ ಬಿಲ್ಲುಗಳನ್ನು, ಹಾಳೆಗಳ ಅಳತೆ ಹಾಗೂ ಸ್ಥಾನದ ವಿವರದೊಂದಿಗೆ, ಕೆಲಸ ಮುಗಿದಾಗಲೇ ಪಡೆದಿಟ್ಟುಕೊಳ್ಳತಕ್ಕದ್ದು.